ನಾಲ್ಕು ಬೆರಳ ಒಳಮಡಿಕೆ

ನಮ್ಮ ಬೀದಿಯಲ್ಲಿ ಎರಡು ಹೊಲಿಗೆ ಅಂಗಡಿಗಳಿವೆ, ಎದುರುಬದುರು. ಬಲಗಡೆಯದಕ್ಕೆ ಗಾಜಿನ ಬಾಗಿಲು. ಒಳಗೆ ತಲೆಯಿಲ್ಲದ ಗೊಂಬೆಯೊಂದು ನಿಂತಿದೆ. ಅದು ತೊಟ್ಟಿರುವಂಥ ಕೋಟು ಬೀದಿಯಲ್ಲಿ ತಲೆಯಿರುವ ಯಾರ ಮೈಮೇಲೂ ಇಲ್ಲ. ಎಡಗಡೆಯದಕ್ಕೆ ಬಾಗಿಲೇ ಕಾಣುವುದಿಲ್ಲ. ನೇತುಹಾಕಿದ ನೀಲಿ ಚಡ್ಡಿಗಳನ್ನು ಪರದೆಯಂತೆ ಸರಿಸಿಕೊಂಡು ಒಳಗೆ ಹೋಗಬೇಕು. ಬಲಗಡೆ ಅಣ್ಣನ ಅಂಗಡಿ, ಎಡಗಡೆ ತಮ್ಮನದು. ತಮ್ಮನದು ಅನ್ನುವುದು ಬರೀ ಮಾತಿಗೆ. ತಮ್ಮ ಇಸ್ತ್ರಿ ಹಾಕುತ್ತಾನೆ, ಅಣ್ಣ ಹೇಳಿದ್ದಕ್ಕೂ ಹೆಂಡತಿ ಹೇಳಿದ್ದಕ್ಕೂ ಹೂಂಗುಟ್ಟುತ್ತಾನೆ. ಅಂಗಡಿ ನಡೆಸುವವಳು ಆ ಹೆಂಡತಿ, ಇಡೀ ಬೀದಿಗೆ ಟೈಲರಕ್ಕ.

ಮೂವತ್ತು ವರ್ಷದ ಹಿಂದೆ ಒಂದೇ ಅಂಗಡಿ ಎರಡಾದಾಗ ದೊಡ್ಡವರ ಬಟ್ಟೆ ಬಲಕ್ಕೆ, ಮಕ್ಕಳ ಬಟ್ಟೆ ಎಡಕ್ಕೆ ಎಂದು ಪಾಲಾಯಿತು. ಯಾರಾದರೂ ಮರೆತಾರು ಎಂದು ಅಣ್ಣ ತಾನೇ ಏಣಿ ಹತ್ತಿ ತಮ್ಮನ ಅಂಗಡಿಗೆ ಬೋರ್ಡು ಬರೆದುಕೊಟ್ಟ: ‘ಮಕ್ಕಳ ಉಡುಪು ಮಾತ್ರ’. ಮೊದಲೆರಡು ಪದ ಕಪ್ಪಿನಲ್ಲಿ, ‘ಮಾತ್ರ’ ಅನ್ನುವುದು ಕೆಂಪಿನಲ್ಲಿ, ದಪ್ಪಗೆ. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಷಟರ್ ಎತ್ತುವಾಗ ಆ ಕೆಂಪು ಪದ ಟೈಲರಕ್ಕನನ್ನು ಕಾಲರಿನಲ್ಲಿ ಮರೆತ ಗುಂಡುಸೂಜಿಯಂತೆ ಚುಚ್ಚುತ್ತಿತ್ತು. ಅವಳಿಗೆ ಬದುಕಿನಲ್ಲಿ ಬೇರೆ ಆಸೆಗಳಿರಲಿಲ್ಲವೆಂದಲ್ಲ. ಆದರೆ ಅವೆಲ್ಲ ಆ ಪದ ಅಳಿಸಿದ ಮೇಲೆ ಎಂದು ಸರದಿಯಲ್ಲಿ ಕಾಯುತ್ತಿದ್ದವು.

ಅವಳ ಕೆಲಸದ ರೀತಿಯೇ ಬೇರೆ. ಮಗು ಒಳಗೆ ಬಂದರೆ ಮೊದಲ ಪ್ರಶ್ನೆ, "ಎಷ್ಟನೇ ಕ್ಲಾಸು?" ಎರಡನೆಯದು, "ಪಾಸಾಗಿದ್ದೀಯಾ?" ಆಮೇಲೆ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿ ಪೆನ್ಸಿಲಿನಿಂದ ಗೆರೆ. ಟೇಪು ಕೊರಳಲ್ಲಿ ನೇತಾಡುತ್ತಿರುತ್ತದೆ, ಅಲಂಕಾರಕ್ಕೆ. ಇನ್ನು ಚಡ್ಡಿ ಹೊಲಿದರೆ ಪ್ರತಿ ಕಾಲಿನ ತುದಿಯಲ್ಲೂ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ, ಸಿಮೆಂಟ್ ಮೂಟೆಯ ಬಾಯಿಗೆ ಹಾಕುತ್ತಾರಲ್ಲ, ಹಾಗೆ ಒಂದೆಳೆಯ ಸರಪಳಿ ಹೊಲಿಗೆ ಹಾಕುತ್ತಾಳೆ. ಮಗು ಬೆಳೆದಾಗ ತಾಯಿ ದಾರದ ತುದಿ ಹಿಡಿದು ಒಮ್ಮೆ ಎಳೆದರೆ ಸಾಕು. ಸರ್ರನೆ ಬಿಚ್ಚಿಕೊಂಡು ಚಡ್ಡಿ ನಾಲ್ಕು ಬೆರಳು ಉದ್ದವಾಗುತ್ತದೆ. ಈ ಒಳಮಡಿಕೆಯಿಂದಾಗಿ ಊರಿನ ತಾಯಂದಿರೆಲ್ಲ ಅವಳ ಕಡೆ. ಎದುರಿನ ಅಣ್ಣನ, ಅಂದರೆ ಅವಳ ಸೂಟಿನ ಭಾವನ ಕಡೆ ತಲೆಯಿಲ್ಲದ ಗೊಂಬೆ ಮಾತ್ರ.

ಈಗ ಈ ಎರಡು ಅಂಗಡಿಗಳ ಯುದ್ಧದ ಕಾರಣಕ್ಕೆ ಬರೋಣ. ನಮ್ಮೂರಿನ ತಂಡ ದೇಶದ ಅತಿ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಆಡುತ್ತದೆ. ಹೆಮ್ಮೆಯ ವಿಷಯ. ಹತ್ತು ತಂಡಗಳಿರುವ ಆ ಲೀಗಿನಲ್ಲಿ ಹತ್ತನೆಯ ಸ್ಥಾನವನ್ನು ಆರು ವರ್ಷ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಏಳನೆಯ ವರ್ಷದ ಕೊನೆಯ ಪಂದ್ಯ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮೂರಲ್ಲೇ ಇತ್ತು. ಶುಕ್ರವಾರ ಬೆಳಿಗ್ಗೆ ತಂಡದ ಮ್ಯಾನೇಜರು ಚೀಲವೊಂದನ್ನು ಎದೆಗವಚಿಕೊಂಡು, ನೀಲಿ ಚಡ್ಡಿಗಳ ಪರದೆಗೆ ಮುಖ ಕೊಟ್ಟು, ಟೈಲರಕ್ಕನ ಮುಂದೆ ಪ್ರತ್ಯಕ್ಷರಾದರು. ಚೀಲದಿಂದ ಒಂದು ಪುಟ್ಟ ಚಡ್ಡಿ ತೆಗೆದು ಮೇಜಿನ ಮೇಲಿಟ್ಟರು.

"ಒಂದನೇ ಕ್ಲಾಸಾ?" ಎಂದಳು ಟೈಲರಕ್ಕ.

"ಇಲ್ಲಮ್ಮ, ಇದು ನಮ್ಮ ಕ್ಯಾಪ್ಟನ್ದು. ಆರಡಿ ಆರಂಗುಲ."

ಆದದ್ದಿಷ್ಟು. ಲಾಂಡ್ರಿಯ ಹೊಸ ಕೆಲಸದವನೊಬ್ಬ ತಂಡದ ಚಡ್ಡಿಗಳನ್ನೆಲ್ಲ, ಹೊಸವು ಹಳೆಯವು ಎನ್ನದೆ, ಯಂತ್ರಕ್ಕೆ ಹಾಕಿ ನೀರನ್ನು ಕುದಿಯುವಷ್ಟು ಬಿಸಿ ಮಾಡಿದ್ದ. ಮೇಲಿನ ಜರ್ಸಿಗಳು ಬೇರೆ ಮೂಟೆಯಲ್ಲಿದ್ದು ಬದುಕಿಕೊಂಡವು. ಚಡ್ಡಿಗಳು ಮಾತ್ರ ತಮ್ಮ ಬಾಲ್ಯಕ್ಕೆ ಮರಳಿದ್ದವು. ಹೊಸವು ಕಂಪನಿಯಿಂದ ಬರಲು ಹತ್ತು ದಿನ. ಎಲ್ಲರದೂ ಒಂದೇ ಬಣ್ಣ, ಮೊಣಕಾಲ ಹತ್ತಿರ ಒಂದೇ ಅಳತೆ ಇಲ್ಲದಿದ್ದರೆ ಕೋರ್ಟಿಗೆ ಇಳಿಸುವುದಿಲ್ಲ ಎಂದು ಲೀಗಿನ ನಿಯಮ. ಇಡೀ ಊರಿನಲ್ಲಿ ಹನ್ನೆರಡು ದೈತ್ಯರಿಗೆ ಸಾಲುವಷ್ಟು ನೀಲಿ ಬಟ್ಟೆ ಒಂದೇ ಕಡೆ ಇದ್ದದ್ದು, ಶಾಲೆಯ ಯೂನಿಫಾರ್ಮಿಗೆಂದು ಟೈಲರಕ್ಕನ ಕಪಾಟಿನಲ್ಲಿ.

ಮ್ಯಾನೇಜರು ಮಾತು ಮುಗಿಸುವ ಮೊದಲೇ ರಸ್ತೆ ದಾಟಿ ಸೂಟಿನ ಭಾವ ಬಂದಾಗಿತ್ತು. ಕಿವಿ ಅವರ ದೇಹದ ಅತ್ಯಂತ ಚುರುಕಾದ ಅಂಗ.

"ನೋಡಮ್ಮ, ಆಸೆ ಪಡಬೇಡ. ದೊಡ್ಡೋರ ಮೈ ಬೇರೆ, ಮಕ್ಕಳ ಮೈ ಬೇರೆ. ಅವರು ಹಾರ್ತಾರೆ, ಬೀಳ್ತಾರೆ, ಕಾಲು ಅಗಲಿಸ್ತಾರೆ. ಟಿವಿಲಿ ಇಡೀ ದೇಶ ನೋಡ್ತಿರುತ್ತೆ. ಎಲ್ಲಾದ್ರೂ ಟರ್ರ್ ಅಂದ್ರೆ ಮನೆತನದ ಮರ್ಯಾದೆ ಹೋಗುತ್ತೆ."

"ಭಾವ, ಮಕ್ಕಳೂ ಹಾರ್ತಾರೆ, ಬೀಳ್ತಾರೆ. ಮರಾನೂ ಹತ್ತುತ್ತಾರೆ. ನಿಮ್ಮ ಸೂಟು ಹಾಕ್ಕೊಂಡೋರು ಕುರ್ಚಿ ಮೇಲೆ ಕೂತೇ ಬಟನ್ ಕಿತ್ಕೋತಾರೆ."

ಇಸ್ತ್ರಿ ಪೆಟ್ಟಿಗೆಯ ಹಿಂದಿನಿಂದ ಗಂಡ "ಹೂಂ" ಎಂದ. ಯಾರಿಗೆ ಎಂದು ಗೊತ್ತಾಗಲಿಲ್ಲ.

ಭಾವನ ಮುಖ ಇಸ್ತ್ರಿಗಿಂತ ಬಿಸಿಯಾಯಿತು. "ಆಯ್ತು. ಆಟ ಮುಗಿಯೋವರೆಗೂ ಒಂದೇ ಒಂದು ಹೊಲಿಗೆ ಬಿಚ್ಚದೇ ಇದ್ರೆ, ಬೋರ್ಡಿನ ಮೇಲಿರೋ ಆ ‘ಮಾತ್ರ’ವನ್ನ ನಾನೇ ಏಣಿ ಹತ್ತಿ ಅಳಿಸ್ತೀನಿ. ಬಿಚ್ಚಿದ್ರೆ, ಸಾಯೋವರೆಗೂ ಆ ವಿಷಯ ಎತ್ತಬಾರದು."

"ಏಣಿ ಒರೆಸಿಡಿ, ಧೂಳು ಹಿಡಿದಿರುತ್ತೆ," ಎಂದಳು ಟೈಲರಕ್ಕ.

ಮಧ್ಯಾಹ್ನ ಹನ್ನೆರಡು ಆಟಗಾರರು ಬಂದರು. ಅಂಗಡಿಯಲ್ಲಿ ಹಿಡಿಸದೆ ಬೀದಿಯಲ್ಲಿ ಸಾಲಾಗಿ ನಿಂತರು. ಎದುರು ಮಹಡಿಯವರಿಗೆ ಬಿಸಿಲು ಬೀಳಲಿಲ್ಲ. ಒಬ್ಬೊಬ್ಬನೇ ಬಗ್ಗಿ ಒಳಗೆ ಬಂದ. ಎಲ್ಲರಿಗಿಂತ ಎತ್ತರದವನನ್ನು ತಂಡದವರು ಕಂಬ ಎಂದು ಕರೆಯುತ್ತಿದ್ದರು. ಏಳಡಿಗೆ ಎರಡು ಬೆರಳು ಕಡಿಮೆ, ವಯಸ್ಸು ಹತ್ತೊಂಬತ್ತು, ಧ್ವನಿ ಇಲಿಮರಿಯದು.

"ಎಷ್ಟನೇ ಕ್ಲಾಸು?" ಟೈಲರಕ್ಕನ ಬಾಯಿ ತಂತಾನೇ ಕೇಳಿತು.

"ಡಿಗ್ರಿ ಎರಡನೇ ವರ್ಷ, ಆಂಟಿ."

"ಪಾಸಾಗಿದ್ದೀಯಾ?"

ಕಂಬ ನೆಲ ನೋಡಿದ. ಅವನ ಕಣ್ಣಿಗೆ ನೆಲ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. "ಒಂದು ಸಬ್ಜೆಕ್ಟ್ ಉಳಿದಿದೆ."

ಚೌಕಟ್ಟಿನ ಮೇಲೆ ಒಂದರಿಂದ ಹತ್ತನೇ ಕ್ಲಾಸಿನ ಗೆರೆಗಳು ಏಣಿಯಂತೆ ಏರಿ ಅವನ ಎದೆಯ ಹತ್ತಿರ ಮುಗಿದುಹೋಗಿದ್ದವು. ಟೈಲರಕ್ಕ ಕತ್ತರಿಸುವ ಮೇಜಿನ ಮೇಲೆ ಹತ್ತಿ, ಅವನನ್ನು ಬರಿಗಾಲಲ್ಲಿ ಪಕ್ಕದ ಗೋಡೆಗೆ ನಿಲ್ಲಿಸಿ, ಸೂರಿನ ಹತ್ತಿರ ಒಂದು ಗೆರೆ ಎಳೆದಳು. ಅಲ್ಲಿಯವರೆಗೆ ಹಲ್ಲಿಗಳು ಮಾತ್ರ ತಲುಪಿದ್ದ ಪ್ರದೇಶ ಅದು.

ಆಮೇಲೆ ಎರಡು ದಿನ ಯಂತ್ರ ಗುಡುಗಿತು. ಮನಸ್ಸೆಲ್ಲ ಅಳತೆಯ ಮೇಲೆ, ಸೊಂಟದ ಎಲಾಸ್ಟಿಕ್ಕಿನ ಮೇಲೆ, ಕಾಲು ಅಗಲಿಸಿದರೆ ಬಿರಿಯಬಹುದಾದ ಜಾಗದ ಮೇಲೆ. ಅಲ್ಲಿಗೆ ಮೂರು ಸುತ್ತು ಹೊಲಿಗೆ ಹಾಕಿದಳು, ಆನೆ ಎಳೆದರೂ ಬಿಚ್ಚದ ಹಾಗೆ. ಆದರೆ ಮನಸ್ಸು ಅಲ್ಲಿದ್ದಾಗ ಕೈಗಳು ಮೂವತ್ತು ವರ್ಷದ ತಮ್ಮ ಕೆಲಸವನ್ನು ಯಾರಿಗೂ ಹೇಳದೆ ಮಾಡಿಕೊಂಡು ಹೋದವು. ಪ್ರತಿ ಚಡ್ಡಿಗೂ ಕರವಸ್ತ್ರ ಇಡಲು ಒಂದು ಜೇಬು ಇಟ್ಟವು. ಕಾಲಿನ ತುದಿಗೆ ಬಂದಾಗ ನಾಲ್ಕು ಬೆರಳು ಒಳಗೆ ಮಡಚಿ, ಒಂದೆಳೆಯ ಸರಪಳಿ ಹೊಲಿಗೆ ಹಾಕಿ, ತಾಯಂದಿರ ಕೈಗೆ ಸಿಗಲೆಂದು ದಾರದ ತುದಿಯನ್ನು ಸ್ವಲ್ಪ ಹೊರಗೆ ಬಿಟ್ಟವು. ಬೋಳುತಲೆಯ, ಎರಡು ಮಕ್ಕಳ ತಂದೆಯಾದ, ಮೂವತ್ತನಾಲ್ಕರ ಕ್ಯಾಪ್ಟನ್ನಿನ ಚಡ್ಡಿಗೂ ಅದೇ ಭಾಗ್ಯ.

ಭಾನುವಾರ ಟೈಲರಕ್ಕ ಮೊದಲ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಭಾವ, ಎರಡು ಕನ್ನಡಕ ತಂದಿದ್ದರು. ಚೆಂಡು ಎಲ್ಲಿ ಹೋಯಿತು, ಯಾರು ಹಾಕಿದರು ಎಂಬುದು ಅವರಿಬ್ಬರಿಗೂ ಬೇಡವಾಗಿತ್ತು. ಹತ್ತು ಸಾವಿರ ಜನ ರಿಂಗು ನೋಡುತ್ತಿದ್ದಾಗ ಆ ಇಬ್ಬರು ಹೊಲಿಗೆ ನೋಡುತ್ತಿದ್ದರು.

ಮೊದಲರ್ಧ ಮುಗಿಯಿತು, ಒಂದು ಎಳೆಯೂ ಅಲುಗಲಿಲ್ಲ. ನಮ್ಮವರು ಪದ್ಧತಿಯಂತೆ ಹದಿನಾಲ್ಕು ಪಾಯಿಂಟು ಹಿಂದೆ. ಕ್ಯಾಪ್ಟನ್ ಅಕಸ್ಮಾತ್ತಾಗಿ ಕೈಗೆ ಸಿಕ್ಕ ಜೇಬಿನಲ್ಲಿ ಕರವಸ್ತ್ರ ಇಟ್ಟುಕೊಂಡು, ಸಮಯ ಸಿಕ್ಕಾಗೆಲ್ಲ ಬೋಳುತಲೆ ಒರೆಸಿಕೊಳ್ಳುತ್ತಿದ್ದ. "ಜೇಬು ಬೇರೆನಾ?" ಎಂದು ಭಾವ ಮೂಗೆಳೆದರು. ಟೈಲರಕ್ಕ ಮುಂದಕ್ಕೆ ಬಗ್ಗಿ ಚಡ್ಡಿಗಳ ಕಾಲಿನ ತುದಿ ನೋಡಿದಳು. ಜೇಬು ಇಟ್ಟದ್ದು ಅವಳಿಗೆ ನೆನಪಿರಲಿಲ್ಲ. ಜೇಬೇ ನೆನಪಿಲ್ಲ ಅಂದಮೇಲೆ...

ಅಷ್ಟರಲ್ಲಿ ಎರಡನೇ ಅರ್ಧ ಶುರುವಾಗಿ, ಎದುರಾಳಿಯೊಬ್ಬ ಜಾರಿಬಿದ್ದ. ಬೀಳುವಾಗ ಅವನ ಬೆರಳು ಕಂಬನ ಎಡಗಾಲಿನ ದಾರದ ತುದಿಗೆ ಸಿಕ್ಕಿಕೊಂಡಿತು. ಕಂಬ ಚೆಂಡು ಹಿಡಿದು ಓಡಿದ. ಬಿದ್ದವನ ಕೈಯಿಂದ ಗಾಳಿಪಟದ ದಾರದಂತೆ ನೀಲಿ ಎಳೆ ಬಿಚ್ಚಿಕೊಳ್ಳುತ್ತ ಹೋಯಿತು. ಕಂಬ ರಿಂಗಿನ ಹತ್ತಿರ ತಲುಪುವ ಹೊತ್ತಿಗೆ ಅವನ ಎಡಗಾಲಿನ ಚಡ್ಡಿ ಮೊಣಕಾಲು ನುಂಗಿತ್ತು. ಬಲಗಾಲಿನದು ಎಂದಿನಂತೆ ಮೇಲಿತ್ತು.

"ಬಿಚ್ತು!" ಎಂದು ಭಾವ ಎದ್ದು ನಿಂತರು. ಹತ್ತು ಸಾವಿರ ಜನರಲ್ಲಿ ಅಂದು ಅಷ್ಟು ಸಂತೋಷಪಟ್ಟವರು ಬೇರೊಬ್ಬರಿಲ್ಲ. "ಬಿಚ್ತು, ಬಿಚ್ತು! ಎಲ್ಲರೂ ನೋಡಿದ್ರಿ!"

ರೆಫರಿ ಸೀಟಿ ಊದಿದರು. ಕೋಚಿನ ಹತ್ತಿರ ಬಂದು ಗಡಿಯಾರ ತೋರಿಸಿದರು. "ಒಂದೇ ಅಳತೆ ಇರಬೇಕು. ಒಂದು ನಿಮಿಷ ಕೊಡ್ತೀನಿ. ಇಲ್ಲಾಂದ್ರೆ ಪಂದ್ಯ ಅವರಿಗೆ."

"ಯಾರಾದ್ರೂ ಸೂಜಿ ಕೊಡ್ರೋ!" ಎಂದು ಮ್ಯಾನೇಜರು ಕೂಗಿದರು. ಆ ಮಡಿಕೆಯನ್ನು ಮತ್ತೆ ಹೊಲಿಯಲು ಹತ್ತು ನಿಮಿಷ ಬೇಕೆಂದು ಅಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ. ಅವಳು ಆಗಲೇ ಕಟಕಟೆ ದಾಟಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ಸೂಜಿ ಬೇಡ. ಎಲ್ಲರೂ ಸಾಲಾಗಿ ನಿಂತ್ಕೊಳ್ಳಿ! ಎತ್ತರದವರು ಹಿಂದೆ!"

ದೇಶದ ಅತಿ ದೊಡ್ಡ ಲೀಗಿನ ಹನ್ನೆರಡು ಆಟಗಾರರು ಪ್ರಾರ್ಥನೆಗೆ ನಿಂತವರಂತೆ ಸಾಲಾಗಿ ನಿಂತರು. ಟೈಲರಕ್ಕ ಮಂಡಿಯೂರಿ ಮೊದಲನೆಯವನ ದಾರ ಹಿಡಿದು ಎಳೆದಳು. ಸರ್ರ್. ಇನ್ನೊಂದು ಕಾಲು. ಸರ್ರ್. "ಮುಂದೆ. ಅಲ್ಲಾಡಬೇಡ. ಆ ಕಡೆ ತಿರುಗು. ಮುಂದೆ." ಸೇನಾಪತಿಗಳು ಕೋಟೆಗಳನ್ನು ಕೆಡವಿದ ವೇಗವನ್ನು ಇತಿಹಾಸ ಬರೆದಿಟ್ಟಿದೆ, ಇಪ್ಪತ್ಮೂರು ಕಾಲುಗಳ ಮಡಿಕೆ ಬಿಚ್ಚಿದ ವೇಗವನ್ನು ನಾನಲ್ಲದೆ ಇನ್ಯಾರು ಬರೆಯಬೇಕು? ಐವತ್ತೆರಡು ಸೆಕೆಂಡು. ಕ್ಯಾಪ್ಟನ್ನಿನ ಸರದಿ ಬಂದಾಗ ಅವನು ಮೆಲ್ಲಗೆ ಕೇಳಿದ, "ಅಕ್ಕಾ, ನಂಗೂ ಮಡಿಕೆ ಇಟ್ಟಿದ್ರಾ?"

"ಬೆಳೆಯೋ ವಯಸ್ಸು, ಸುಮ್ನಿರು," ಎಂದು ಎಳೆದಳು.

ರೆಫರಿ ಅಳತೆಪಟ್ಟಿ ತೆಗೆದು ಒಬ್ಬೊಬ್ಬರ ಮೊಣಕಾಲ ಹತ್ತಿರ ಬಗ್ಗಿದರು. ಬಿಚ್ಚಿದ ಮಡಿಕೆ ನಾಲ್ಕು ಬೆರಳು, ನಾಲ್ಕು ಬೆರಳು, ನಾಲ್ಕೇ ಬೆರಳು. ಮೂವತ್ತು ವರ್ಷ ಒಂದೇ ಕೈಯಿಂದ ಅಳೆದವಳ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ರೆಫರಿ ಎದ್ದು ಸೀಟಿ ಊದಿದರು. ಆಟ ಮುಂದುವರಿಯಿತು.

ಆಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಆ ಆಟದಲ್ಲಿ ಎದುರಾಳಿ ಯಾವ ಕಡೆ ತಿರುಗುತ್ತಾನೆಂದು ಅವನ ಮೊಣಕಾಲು ನೋಡಿ ಊಹಿಸುತ್ತಾರಂತೆ. ನಮ್ಮವರ ಮೊಣಕಾಲುಗಳು ಈಗ ನೀಲಿ ಪರದೆಯ ಹಿಂದೆ ಹೋಗಿದ್ದವು. ಎಡಕ್ಕೆ ಎಂದುಕೊಂಡರೆ ಬಲಕ್ಕೆ, ಬಲಕ್ಕೆ ಎಂದುಕೊಂಡರೆ ಮೇಲಕ್ಕೆ. ಎದುರಾಳಿ ತಂಡ ತಬ್ಬಿಬ್ಬಾಯಿತು. ಹದಿನಾಲ್ಕು ಎಂಟಾಯಿತು, ಎಂಟು ಮೂರಾಯಿತು, ಮೂರು ಒಂದಾಯಿತು, ಕೊನೆಯ ಕ್ಷಣದಲ್ಲಿ ಕಂಬ ಚೆಂಡನ್ನು ರಿಂಗಿನೊಳಗೆ, ಶೆಲ್ಫಿನ ಮೇಲೆ ಡಬ್ಬ ಇಡುವಂತೆ, ಮೆಲ್ಲಗೆ ಇಟ್ಟ. ಒಂದು ಪಾಯಿಂಟಿನಿಂದ ಗೆದ್ದರು. ಒಂಬತ್ತನೆಯ ಸ್ಥಾನ! ಆ ಎತ್ತರದಲ್ಲಿ ಹೇಗೆ ಇರಬೇಕೆಂದು ತಿಳಿಯದೆ ಊರು ಎರಡು ದಿನ ತಲೆ ತಿರುಗಿ ಓಡಾಡಿತು.

ಆದರೆ ಬೋರ್ಡು ಹಾಗೇ ಇತ್ತು. ಸೋಮವಾರ ಭಾವ ಹನ್ನೆರಡು ಚಡ್ಡಿಗಳನ್ನೂ ತರಿಸಿ, ಎರಡೂ ಕನ್ನಡಕ ಹಾಕಿ, ನ್ಯಾಯಾಧೀಶರಂತೆ ತಿರುವಿ ನೋಡಿದರು. ಎಲ್ಲೂ ಬಿರಿದಿರಲಿಲ್ಲ. ಮಡಿಕೆಗಳು ಮಾತ್ರ ಬಿಚ್ಚಿದ್ದವು.

"ಬಿಚ್ಚಿದ್ದು ಬಿಚ್ಚಿದ್ದೇ."

"ಅದು ಬಿಚ್ಚೋಕೇ ಹಾಕಿದ ಹೊಲಿಗೆ, ಭಾವ. ಅದರ ಕೆಲಸ ಅದು ಮಾಡ್ತು."

"ಬೆಳೆಯೋ ಮಕ್ಕಳಿಗೆ ಸರಿ. ಬೆಳೆದು ನಿಂತ ಗಂಡಸರಿಗೆ ಬೆಳೆಯೋ ಮಡಿಕೆ ಯಾಕೆ? ತಪ್ಪು ಅಂತ ಒಪ್ಕೋ."

ಟೈಲರಕ್ಕ ಚಡ್ಡಿಗಳನ್ನು ಮಡಚಿ ಎತ್ತಿಟ್ಟಳು. ತಪ್ಪು ಕೈಯದು, ಅವಳಿಗೆ ಗೊತ್ತಿತ್ತು. ಎರಡೂವರೆ ತಿಂಗಳು ಇದೇ ನಡೆಯಿತು. ಭಾವ ದಿನಾ ರಸ್ತೆಯ ಆಚೆಯಿಂದ "ಯಾಕೆ ಮಡಿಕೆ?" ಎನ್ನುವರು, ಈಚೆಯಿಂದ ಯಂತ್ರದ ಸದ್ದು ಜೋರಾಗುವುದು. ಕೊನೆಗೊಂದು ಬೆಳಿಗ್ಗೆ ಅವಳು ಗಂಡನಿಗೆ, "ಸೋತೆ ಅಂತ ಹೇಳಿ ಬಂದ್ಬಿಡ್ತೀನಿ ರೀ," ಎಂದು ಚಪ್ಪಲಿ ಮೆಟ್ಟಿದಳು. ಗಂಡ ಹೂಂ ಅನ್ನಲಿಲ್ಲ. ಮದುವೆಯಾದ ಮೇಲೆ ಅದೇ ಮೊದಲು.

ಅವಳು ಹೊಸ್ತಿಲು ದಾಟುವಷ್ಟರಲ್ಲಿ ಪರದೆ ಸರಿಸಿ ಕಂಬ ಒಳಗೆ ಬಂದ. "ಆಂಟಿ, ಹೊಸ ಸೀಸನ್ನಿಗೆ ಪ್ರಾಕ್ಟೀಸ್ ಚಡ್ಡಿ ಬೇಕು. ಆ ಸಬ್ಜೆಕ್ಟ್ ಪಾಸಾಯ್ತು."

ಅಭ್ಯಾಸಬಲದಿಂದ ಅವಳು ಅವನನ್ನು ಗೋಡೆಗೆ ನಿಲ್ಲಿಸಿ ಮೇಜು ಹತ್ತಿದಳು. ಪೆನ್ಸಿಲ್ ಹಿಡಿದ ಕೈ ನಿಂತುಬಿಟ್ಟಿತು. ಹಳೆಯ ಗೆರೆ ಅವನ ನೆತ್ತಿಗಿಂತ ಕೆಳಗಿತ್ತು.

"ಭಾವಾ!" ಎಂದು ಅವಳು ಕೂಗಿದ ಕೂಗಿಗೆ ಗಾಜಿನ ಬಾಗಿಲು ಅದುರಿತು.

ಭಾವ ಬಂದರು, ನೋಡಿದರು. "ಶೂ ಬಿಚ್ಚು," ಎಂದರು. ಕಂಬ ಬಿಚ್ಚಿದ. "ಸಾಕ್ಸೂ ಬಿಚ್ಚು." ಬಿಚ್ಚಿದ. "ಕೂದಲು ಒತ್ತಿ ಹಿಡಿ." ಒತ್ತಿದ. ಮೇಜು ಹತ್ತಿ ತಮ್ಮ ಸ್ವಂತ ಟೇಪಿನಿಂದ ಮೂರು ಸಲ ಅಳೆದರು. ಅರ್ಧ ಬೆರಳು. ದೇಶದ ಅತಿ ದೊಡ್ಡ ಲೀಗಿನ ಆಟಗಾರ ಎರಡೂವರೆ ತಿಂಗಳಲ್ಲಿ ಅರ್ಧ ಬೆರಳು ಬೆಳೆದಿದ್ದ.

"ಬೆಳೆಯೋ ಹುಡುಗ ಭಾವ," ಎಂದಳು ಟೈಲರಕ್ಕ, ಬಹಳ ಮೃದುವಾಗಿ. "ಮಡಿಕೆ ಇಡದೇ ಏನು ಮಾಡ್ಲಿ?"

ಭಾವ ಮಾತಿಗೆ ತಪ್ಪುವವರಲ್ಲ. ಬಣ್ಣದ ಡಬ್ಬ ತಂದರು. ಏಣಿಗೆ ನಿಜಕ್ಕೂ ಧೂಳು ಹಿಡಿದು ಒಂದು ಮೆಟ್ಟಿಲು ಮುರಿದಿತ್ತು. ಕಂಬನೇ ಬೋರ್ಡನ್ನು ನಿಂತಲ್ಲಿಂದಲೇ ಬಿಚ್ಚಿ ಕೆಳಗಿಳಿಸಿಕೊಟ್ಟ. ಭಾವ ‘ಮಾತ್ರ’ದ ಮೇಲೆ ಬ್ರಷ್ ಇಡುವಷ್ಟರಲ್ಲಿ ಟೈಲರಕ್ಕ ತಡೆದಳು.

"ಬೇಡ, ಅದು ಇರಲಿ. ಶುರುವಿನಲ್ಲಿ ‘ಏಳಡಿವರೆಗಿನ’ ಅಂತ ಸೇರಿಸಿ."

ಬಾಗಿಲಲ್ಲಿ ನಿಂತ ಗಂಡ "ಹೂಂ" ಎಂದ. ಈ ಸಲ ಯಾರಿಗೆ ಎಂದು ಎಲ್ಲರಿಗೂ ಗೊತ್ತಾಯಿತು.

ಭಾವ ಹಲ್ಲು ಕಚ್ಚಿಕೊಂಡು ಬರೆದರು: ‘ಏಳಡಿವರೆಗಿನ ಮಕ್ಕಳ ಉಡುಪು ಮಾತ್ರ’. ಆ ‘ಏಳಡಿ’ಯ ಪಕ್ಕದಲ್ಲೊಂದು ಬೋಳು ಜಾಗ ಉಳಿದಿದೆ, ಅದೇಕೆ ಎಂದು ಬೀದಿಗೆ ಹೊಸಬರು ಕೇಳುತ್ತಾರೆ. ಬರೆಯುವಾಗ ಅವಳು ಪಕ್ಕದಲ್ಲೇ ಕೂತು ಕೈಯಿಟ್ಟು ಅಳೆದು ತೋರಿಸಿದ್ದಳು.

"ಅಲ್ಲಿ ನಾಲ್ಕು ಬೆರಳು ಬಿಡಿ ಭಾವ. ಹುಡುಗ ಇನ್ನೂ ಬೆಳೀತಾನೆ."