ಕನ್ನಡಕದಕ್ಕ ರೋಲರ್‌ಕೋಸ್ಟರ್ ಹತ್ತಿದ ಭಾನುವಾರ

ಕನ್ನಡಕದ ಅಂಗಡಿಯ ಹಿಂಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಾಜು ಉಜ್ಜುತ್ತಿದ್ದ ಆಕೆಯನ್ನು ಬೀದಿಯವರೆಲ್ಲ ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ದುಂಡನೆಯ ಗಾಜನ್ನು ತಿರುಗುವ ಕಲ್ಲಿಗೆ ಒತ್ತಿ, ಅಂಚು ಸವೆಸಿ, ಫ್ರೇಮಿನೊಳಗೆ ಕೂರಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚು ಸವೆದರೂ ಗಾಜು ಹೋಯಿತೆಂದೇ ಲೆಕ್ಕ. ಅವಳ ಕೈಯಲ್ಲಿ ಹಾಗೆ ಹಾಳಾದದ್ದು ಬೆರಳೆಣಿಕೆಯಷ್ಟು ಮಾತ್ರ.

ಕೆಲಸ ಮುಗಿದರೆ ಮನೆ, ಮನೆಯೆಂದರೆ ಅಮ್ಮ. ಲಕ್ವ ಹೊಡೆದು ಎಡಭಾಗದ ಸ್ವಾಧೀನ ತಪ್ಪಿದ್ದ ಅಮ್ಮ ಹನ್ನೊಂದು ವರ್ಷ ಕಬ್ಬಿಣದ ಮಂಚದ ಮೇಲಿದ್ದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ನರ್ಸ್ ಹೇಳಿದ್ದಳು. ಅಂಗಡಿಯ ಹೊತ್ತಿನಲ್ಲಿ ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಿದ್ದಳು, ಉಳಿದ ಹೊತ್ತೆಲ್ಲ ಇವಳೇ. ಹನ್ನೊಂದು ವರ್ಷದಲ್ಲಿ ಅಮ್ಮನ ಬೆನ್ನ ಮೇಲೆ ಒಂದು ಹುಣ್ಣೂ ಏಳಲಿಲ್ಲ. ಮದುವೆಯ ಮಾತೆತ್ತಿದವರಿಗೆ, "ನಂಗೆ ಪುರುಸೊತ್ತಾದ್ರೆ ತಾನೆ" ಎನ್ನುತ್ತಿದ್ದಳು. ಬರಬರುತ್ತ ಮಾತೆತ್ತುವವರೂ ಇಲ್ಲವಾದರು.

ಅಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಕನ್ನಡಕದಕ್ಕ ಅತ್ತಿರಲಿಲ್ಲ. ತಡೆದುಕೊಂಡಿದ್ದಳು ಎಂದಲ್ಲ, ಅಳು ಬರಲೇ ಇಲ್ಲ. ಊಟದಲ್ಲಿ ಉಪ್ಪು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ತಿಳಿಯುತ್ತಿರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಇಡೀ ಜೀವಕ್ಕೇ ಹಿಡಿದಂತಿತ್ತು.

ಬೇರೆ ಊರಿನಲ್ಲಿದ್ದ ತಮ್ಮ ಒಂದು ಭಾನುವಾರ ಬೆಳಿಗ್ಗೆ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದ.

"ಅಕ್ಕ, ಚಪ್ಪಲಿ ಹಾಕ್ಕೋ. ರೋಲರ್‌ಕೋಸ್ಟರ್ ಹತ್ತೋಕೆ ಹೋಗ್ತಿದೀವಿ."

"ನಂಗ್ಯಾಕೋ ಅದೆಲ್ಲ?"

"ಯಾಕೂ ಇಲ್ಲ. ಸುಮ್ನೆ."

ಬೇಡ ಎನ್ನಲು ಒಂದು ಕಾರಣ ಬೇಕಿತ್ತು. ಇಷ್ಟು ವರ್ಷ ಕೈಗೇ ಸಿಗುತ್ತಿದ್ದ ಕಾರಣ ಈಗ ಇರಲಿಲ್ಲ. ಚಪ್ಪಲಿ ಹಾಕಿಕೊಂಡಳು.

ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಪಾರ್ಕು ದೊಡ್ಡದೇನಲ್ಲ, ಒಂದೇ ಮನೆಯವರು ನಡೆಸುವ ಜಾಗ. ಕೆಲಸದಿಂದ ನಿವೃತ್ತನಾದ ವೆಲ್ಡರ್ ಒಬ್ಬ ತನ್ನ ಕೈಯಾರೆ ಎರಡು ರೋಲರ್‌ಕೋಸ್ಟರ್ ಕಟ್ಟಿ ನಿಲ್ಲಿಸಿದ್ದ. ಚಿಕ್ಕದಕ್ಕೆ ಕಂಬಳಿಹುಳು ಎಂದು ಹೆಸರು, ದೊಡ್ಡದಕ್ಕೆ ಸುಂಟರಗಾಳಿ. ಅವನ ಹೆಂಡತಿ ಗೇಟಿನಲ್ಲಿ ಮೈಕು ಹಿಡಿದು ಟಿಕೆಟ್ ಹರಿಯುತ್ತಿದ್ದಳು, ಮಗಳು ಗುಂಡಿ ಒತ್ತಿ ಗಾಡಿ ಬಿಡುತ್ತಿದ್ದಳು, ಅಳಿಯ ಕ್ಯಾಂಟೀನಿನಲ್ಲಿ ಆಲೂಗಡ್ಡೆ ಕರಿಯುತ್ತಿದ್ದ. ಮನೆಯ ಜಗಳವೂ ಮೈಕಿನಲ್ಲೇ.

"ರೀ, ತಿಂಡಿ ತಿನ್ನದೆ ಮೇಲೆ ಹತ್ತಿ ಕೂತಿದೀರಲ್ಲ? ಇಳೀರಿ!"

"ಊರಿಗೆಲ್ಲ ಕೇಳೋ ಹಾಗೆ ಕೂಗ್ಬೇಡ್ವೇ!" ಎಂದು ಕಂಬಿಗಳ ನಡುವಿನಿಂದ ಮುದುಕ ಕೂಗಿದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಕನ್ನಡಕದಕ್ಕನೂ ತುಟಿ ಅಗಲಿಸಿದಳು, ಎಲ್ಲರೂ ನಗುತ್ತಿದ್ದರಲ್ಲ ಎಂದು.

ಮೊದಲು ಕಂಬಳಿಹುಳು. ಆಮೇಲೆ ಸುಂಟರಗಾಳಿ. ಗಾಡಿ ಸರಪಳಿಯ ಮೇಲೆ ಕಟಕಟ ಎಂದು ಏರಿತು, ತುದಿಯಲ್ಲಿ ಒಂದು ಕ್ಷಣ ನಿಂತಂತೆ ಮಾಡಿ ಧುಮುಕಿತು. ಪಕ್ಕದಲ್ಲಿದ್ದ ಹುಡುಗಿ ಗಂಟಲು ಹರಿಯುವಂತೆ ಕಿರುಚಿದಳು. ಕನ್ನಡಕದಕ್ಕನ ತುರುಬು ಬಿಚ್ಚಿಹೋಯಿತು, ಗಾಳಿಗೆ ಕಣ್ಣಲ್ಲಿ ನೀರು ಬಂತು. ಇಷ್ಟೂ ಆಗುತ್ತಿರುವುದು ಅವಳಿಗೆ ಗೊತ್ತಾಗುತ್ತಿತ್ತು, ಆದರೆ ಯಾರಿಗೋ ಆಗುತ್ತಿದ್ದ ಹಾಗೆ.

"ಅತ್ತೆ, ಭಯ ಆಯ್ತಾ?"

"ಇಲ್ಲ ಪುಟ್ಟಿ."

"ಮತ್ತೆ ಮಜಾ ಬಂತಾ?"

ಅವಳು ನಿಜವಾಗಿಯೂ ಯೋಚಿಸಿದಳು. "ಗೊತ್ತಾಗ್ಲಿಲ್ಲ ಕಣೆ. ಇನ್ನೊಂದ್ಸಲ ನೋಡೋಣ."

ಇನ್ನೊಂದು ಸಲ ಎಂದದ್ದು ಐದು ಸಲವಾಯಿತು. ಗಾಡಿ ಧುಮುಕುವಾಗ ತೆಗೆದು ಕೆಳಗೆ ಹಲಗೆಗೆ ಅಂಟಿಸುತ್ತಿದ್ದ ಫೋಟೋಗಳಲ್ಲಿ ಎಲ್ಲರೂ ಬಾಯಿ ತೆರೆದುಕೊಂಡಿದ್ದರೆ, ಇವಳೊಬ್ಬಳು ಬಸ್ಸಿಗೆ ಕಾಯುವವಳಂತೆ ಕೂತಿದ್ದಳು. ಹುಡುಗಿ ಬಿದ್ದು ಬಿದ್ದು ನಕ್ಕಳು. ಆರನೆಯ ಸಲಕ್ಕೆ ಹುಡುಗಿ ಹಸಿವೆಂದು ಅಪ್ಪನ ಜೊತೆ ಕ್ಯಾಂಟೀನಿಗೆ ಹೋದಳು. ಕನ್ನಡಕದಕ್ಕ ಒಬ್ಬಳೇ ಹತ್ತಿದಳು.

ಪಕ್ಕದ ಸೀಟಿಗೆ ಬಂದವನು ದಪ್ಪ ಮೀಸೆಯ, ಭಾರೀ ಮೈಯ ಲಾರಿ ಡ್ರೈವರ್. ಕೂರುವ ಮೊದಲೇ ಬೆವರಿದ್ದ.

"ಮಕ್ಕಳು ಹಟ ಮಾಡಿ ಹತ್ತಿಸಿಬಿಟ್ರು ತಾಯಿ. ಲೋಡ್ ತುಂಬಿದ ಲಾರಿ ಬೆಟ್ಟದ ಮೇಲಿಂದ ಇಳಿಸ್ತೀನಿ ನಾನು, ಒಂದಿನ ಎದೆ ಹೊಡ್ಕೊಂಡಿಲ್ಲ. ಆದ್ರೆ ಇದ್ರಲ್ಲಿ ಸ್ಟೇರಿಂಗೇ ಇಲ್ವಲ್ಲ!"

ಗಾಡಿ ಏರತೊಡಗಿತು. ಮುಕ್ಕಾಲು ದಾರಿಯಲ್ಲಿ ಕಟಕಟ ಶಬ್ದ ನಿಂತಿತು. ಗಾಡಿಯೂ ನಿಂತಿತು. ಮೈಕಿನಲ್ಲಿ ಹೆಂಗಸಿನ ಧ್ವನಿ ಬಂತು: "ಯಾರೂ ಗಾಬರಿ ಆಗ್ಬೇಡಿ. ಸರಪಳಿ ಜಾರಿದೆ ಅಷ್ಟೇ. ಗಾಡಿ ಹಿಂದಕ್ಕೆ ಬರಲ್ಲ, ಬ್ರೇಕ್ ಹಿಡ್ಕೊಂಡಿದೆ. ನಮ್ಮ ಯಜಮಾನ್ರು ಬರ್ತಿದಾರೆ, ಒಬ್ಬೊಬ್ಬರನ್ನೇ ಇಳಿಸ್ತಾರೆ."

ಹಳಿಯ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿ ಮುದುಕ ಬಂದ. ಒಂದೊಂದೇ ಸೀಟಿನ ಅಡ್ಡಪಟ್ಟಿ ಬಿಚ್ಚಿದ. ಎಲ್ಲರೂ ಇಳಿದರು. ಡ್ರೈವರ್ ಮಾತ್ರ ಕೂತಲ್ಲೇ ಕಲ್ಲಾಗಿದ್ದ. ಕಣ್ಣು ಬಿಗಿಯಾಗಿ ಮುಚ್ಚಿತ್ತು, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ನಂಗಾಗಲ್ಲ. ಕಾಲು ಬರ್ತಿಲ್ಲ. ನೀವೆಲ್ಲ ಹೋಗಿ."

ಮುದುಕ ಸಮಾಧಾನ ಹೇಳಿದ. ಕೇಳಲಿಲ್ಲ. ಆಗ ಕನ್ನಡಕದಕ್ಕ ಮೆಟ್ಟಿಲ ಮೇಲೆ ನಿಂತು, ಗಾಡಿಯೊಳಗೆ ಬಗ್ಗಿ, ಅವನ ಮಂಡಿಯ ಕೆಳಗೆ ಒಂದು ಕೈ, ಬೆನ್ನ ಹಿಂದೆ ಒಂದು ಕೈ ಹಾಕಿದಳು. ಯೋಚಿಸಿ ಮಾಡಿದ್ದಲ್ಲ. ಕೈಗಳಿಗೆ ದಾರಿ ಗೊತ್ತಿತ್ತು.

"ಕೆಳಗೆ ನೋಡ್ಬೇಡ. ನನ್ನ ಕತ್ತಿನ ಹತ್ರ ನೋಡು. ಉಸಿರು ಬಿಡು. ಮೊದ್ಲು ಬಲಗಾಲು. ಹಾಂ. ಈಗ ಭಾರ ನನ್ನ ಮೇಲೆ ಹಾಕಮ್ಮ."

ಕೆಳಗಿನ ಮೆಟ್ಟಿಲಲ್ಲಿದ್ದ ಯಾರೋ ಕಿಸಕ್ಕನೆ ನಕ್ಕರು. ಮೀಸೆಯವನು ನಗಲಿಲ್ಲ. ಚಿಕ್ಕ ಮಗುವಿನಂತೆ ಅವಳ ಹೆಗಲಿಗೆ ಭಾರ ಬಿಟ್ಟ. ಅರವತ್ತು ಮೆಟ್ಟಿಲನ್ನೂ ಹಾಗೆಯೇ ಇಳಿದರು, ಒಂದೊಂದಕ್ಕೂ "ಇನ್ನೊಂದು, ಇನ್ನೊಂದು" ಎಂದು ಅವಳು ಹೇಳುತ್ತ. ನೆಲ ಮುಟ್ಟಿದ ಮೇಲೆ ಡ್ರೈವರ್ ಮುಖ ಒರೆಸಿಕೊಂಡು ಕೇಳಿದ, "ನೀವು ಆಸ್ಪತ್ರೇಲಿ ಕೆಲ್ಸ ಮಾಡ್ತೀರಾ ತಾಯಿ?"

"ಇಲ್ಲಪ್ಪ. ಕನ್ನಡಕ ಮಾಡ್ತೀನಿ."

ಅವಳು ಕ್ಯಾಂಟೀನಿನ ಹಿಂದಿನ ಬೆಂಚಿಗೆ ಹೋಗಿ ಕೂತಳು. ತಮ್ಮ ನೀರಿನ ಬಾಟಲಿ ಹಿಡಿದು ಓಡಿಬಂದ. ಹುಡುಗಿ ದೂರದಲ್ಲಿ ಡ್ರೈವರನ ಮಕ್ಕಳ ಜೊತೆ ಆಗಲೇ ಸ್ನೇಹ ಬೆಳೆಸಿದ್ದಳು. ಕನ್ನಡಕದಕ್ಕ ನೀರು ಕುಡಿಯಲಿಲ್ಲ. ಸೊಪ್ಪಿನ ಬೆಲೆ ಹೇಳುವ ಧ್ವನಿಯಲ್ಲಿ ಮಾತು ಶುರುಮಾಡಿದಳು.

"ಅಮ್ಮ ಹೋದಾಗ ನಾನು ಪಕ್ಕದಲ್ಲಿರಲಿಲ್ಲ ಕಣೋ. ಪಕ್ಕದಲ್ಲೇ ಇದ್ದೆ ಅಂತ ಡಾಕ್ಟರಿಗೆ ಸುಳ್ಳು ಹೇಳ್ದೆ. ರಜದ ದಿನ. ಒಂದು ಗಂಟೆಗೆ ಮಗ್ಗುಲು ಬದಲಿಸಿ, ಒಂಚೂರು ಅಡ್ಡಾಗೋಣ ಅಂತ ಪಕ್ಕದ ಕೋಣೆಗೆ ಹೋದೆ. ಮೂರಕ್ಕೆ ಏಳ್ಬೇಕಿತ್ತು. ಎಚ್ಚರ ಆದಾಗ ಐದೂವರೆ. ಮೈ ತಣ್ಣಗಾಗಿತ್ತು. ಕೂಗಿದ್ಲೋ ಏನೋ."

ತಮ್ಮ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದ.

"ಬಯ್ಯೋದಿದ್ರೆ ಬಯ್ಯಿ," ಎಂದಳು.

"ನಾನು ಯಾವ ಬಾಯಲ್ಲಿ ಬಯ್ಲಿ ಅಕ್ಕ?" ಎಂದ ಅವನು. "ವರ್ಷಕ್ಕೆ ಎರಡು ಸಲ ಬಂದು, ಹಣ್ಣಿಟ್ಟು, ಕಾಲು ಮುಟ್ಟಿ ಹೋಗ್ತಿದ್ದೆ. ಒಂದ್ಸಲಾನೂ ಅಮ್ಮನ ಮಗ್ಗುಲು ಬದಲಿಸಿಲ್ಲ. ಅದನ್ನ ಹೇಗೆ ಮಾಡೋದು ಅಂತಾನೇ ನಂಗೊತ್ತಿಲ್ಲ."

"ಕಷ್ಟ ಏನಿಲ್ಲ," ಎಂದಳು ಅವಳು. "ಮೊದ್ಲು ಆ ಕಡೆ ಮಂಡಿ ಮಡಚ್ಬೇಕು. ಒಂದು ಕೈ ಸೊಂಟಕ್ಕೆ, ಒಂದು ಭುಜಕ್ಕೆ. ಎಳೀಬಾರ್ದು, ಎಳೆದ್ರೆ ಚರ್ಮ ಕಿತ್ತು ಬರತ್ತೆ. ನಿನ್ನ ಕಡೆಗೆ ಉರುಳಿಸ್ಕೋಬೇಕು. ಬೆನ್ನ ಹಿಂದೆ ದಿಂಬು ಕೊಡ್ಬೇಕು. ಕಿವಿ ಮಡಚಿದ್ಯಾ ನೋಡ್ಬೇಕು, ಅದನ್ನ ಎಲ್ಲರೂ ಮರೀತಾರೆ."

ಅವಳು ಕೈಯಾಡಿಸಿ ತೋರಿಸುತ್ತಿದ್ದಳು. ತಮ್ಮ ನೋಡುತ್ತ ನೋಡುತ್ತ ಅಳತೊಡಗಿದ, ಭುಜ ಕುಲುಕುವಂತೆ. ಅವಳು ಸೆರಗಿನ ತುದಿ ಕೊಟ್ಟಳು, ಅವನು ಮೂಗು ಒರೆಸಿಕೊಂಡ. ತನಗೂ ಈಗ ಅಳು ಬರಬಹುದು ಎಂದು ಅವಳು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಮೈಕಿನಲ್ಲಿ ಸುಂಟರಗಾಳಿ ಇವತ್ತು ಇನ್ನು ಓಡುವುದಿಲ್ಲ, ಕಂಬಳಿಹುಳುವಿಗೆ ಬನ್ನಿ ಎಂದು ಕೂಗಿದರು. ಹುಡುಗಿ ಬಂದು ಕೈಹಿಡಿದು ಎಳೆದಳು, ಕನ್ನಡಕದಕ್ಕ ಎದ್ದು ಹೋದಳು.

ಅವತ್ತಿಗೆ ಎಲ್ಲ ಸರಿಹೋಯಿತು ಎನ್ನುವ ಹಾಗಿಲ್ಲ. ಸೋಮವಾರ ಮತ್ತೆ ಅಂಗಡಿ, ಮತ್ತೆ ಕಲ್ಲು, ಮತ್ತೆ ರುಚಿಯಿಲ್ಲದ ಊಟ. ಆದರೆ ತಮ್ಮ ಮರುವಾರವೂ ಬಂದ, ಅದರ ಮರುವಾರವೂ. ನಾಲ್ಕನೆಯ ಭಾನುವಾರ ಸ್ಪ್ಯಾನರ್ ತಂದಿದ್ದ. ಅಮ್ಮನ ಮಂಚವನ್ನು ಬಿಚ್ಚಿ ವೃದ್ಧಾಶ್ರಮಕ್ಕೆ ಕೊಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ತಲೆಯ ಕಡೆಯ ಕಂಬಿಯನ್ನು ಬಾಗಿಲಿನಿಂದ ಹೊರಗೆ ಸಾಗಿಸುವಾಗ ಅವನು ಎಡವಟ್ಟು ಮಾಡಿ ಗೋಡೆಗೆ ತಾಗಿಸಿದ. ಅಂಗೈಯಗಲ ಗಾರೆ ಉದುರಿತು.

"ಕಣ್ಣು ಎಲ್ಲಿಟ್ಕೊಂಡಿದ್ಯೋ?" ಎಂದಳು ಕನ್ನಡಕದಕ್ಕ. ಧ್ವನಿ ಏರಿತು. "ಒಂದು ಕೆಲ್ಸ, ಒಂದೇ ಒಂದು ಕೆಲ್ಸ ನೆಟ್ಟಗೆ ಮಾಡಿದ್ಯಾ ಈ ಮನೇಲಿ? ಹಣ್ಣಂತೆ ಹಣ್ಣು! ಹಲ್ಲಿಲ್ಲದೋಳಿಗೆ ಸೇಬು ತಂದಿಡ್ತಿದ್ದೆ! ಅದನ್ನ ಬೇಯಿಸಿ, ಕಿವುಚಿ, ತಿನ್ನಿಸಿದ್ದು ಯಾರು?"

ಗೋಡೆಯಿಂದ ಶುರುವಾದದ್ದು ಹನ್ನೊಂದು ವರ್ಷವನ್ನೂ ಹಿಡಿದು ಜಾಲಾಡಿತು. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿ ಮರೆಯಾದಳು. ತಮ್ಮ ಕಂಬಿ ಹಿಡಿದುಕೊಂಡೇ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಅವಳು ಉಸಿರಿಗಾಗಿ ನಿಂತಾಗ, "ಇನ್ನೂ ಇದ್ರೆ ಬಯ್ಯಿ ಅಕ್ಕ, ಆದ್ರೆ ಇದನ್ನ ಕೆಳಗಿಡ್ತೀನಿ, ಕೈ ಸೋತುಹೋಯ್ತು," ಎಂದ.

"ಇಡು," ಎಂದಳು. ಜೋಮು ಬಿಡುವ ಕಾಲಿಗೆ ಸೂಜಿ ಚುಚ್ಚಿದಂತಾಗುತ್ತದಲ್ಲ, ಹಾಗೆ ಅವಳ ಮೈಯೆಲ್ಲ ಚುರುಗುಟ್ಟುತ್ತಿತ್ತು. ಪೊರಕೆ ತಂದು, ಗಾರೆಯ ಪುಡಿಯನ್ನು ಗುಡಿಸಲು ಬಗ್ಗಿದಳು.