ಮಾಸ್ತರರ ಬಾಗಿಲಿಗೆ ಬಂದ ಕೆರೆ

ಮೊನ್ನೆ ಮನೆಯ ಮುಂದೆ ಕೆರೆಯ ಹೂಳು ತುಂಬಿದ ಟ್ರ್ಯಾಕ್ಟರ್ ಹಾದುಹೋಯಿತು. ಕೊಳೆತ ಜೊಂಡಿನ ಆ ಹಸಿ ನಾತಕ್ಕೆ, ಗ್ಯಾಸ್ ಸೋರುತ್ತಿದೆಯೆಂದು ಹೆದರಿ, ನಾನು ಮೊದಲು ಓಡಿದ್ದು ಗ್ಯಾಸ್ ಸಿಲಿಂಡರಿನ ಹತ್ತಿರ. ನನ್ನ ಸ್ವಭಾವವೇ ಹಾಗೆ. ಆಮೇಲೆ ಹಿಂದೆ ಬಾಜೂ ಮನೆಯಲ್ಲಿದ್ದ ಮಾಸ್ತರರು ನೆನಪಾದರು...

ನವಲಗುಂದದ ಹತ್ತಿರದ ನಮ್ಮೂರಿಗೆ ಅವರು ವಿಜ್ಞಾನ ಕಲಿಸಲು ಬಂದವರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಧಾರವಾಡದಲ್ಲಿ ಭೂವಿಜ್ಞಾನ ಓದುತ್ತಿದ್ದಳು. ತಾಯಿಯಿಲ್ಲದ ಮನೆಗೆ ಅವಳು ಬರುತ್ತಿದ್ದುದು ಅಪರೂಪ.

ಒಂದು ಬೇಸಿಗೆ ಊರ ಕೆರೆಯ ಹೂಳು ತೆಗೆಯುವಾಗ, ಕಡಿದ ಮಣ್ಣಿನ ಗೋಡೆಯಲ್ಲಿ ಕಪ್ಪು, ಬಿಳಚು ಪದರಗಳು ಕಂಡವು. ಮಾಸ್ತರರು ನನ್ನನ್ನು ಕೆಳಗಿಳಿಸಿ ತೋರಿಸಿದರು. ಗೋಡೆ ಎಲ್ಲಿ ಮೈಮೇಲೆ ಕುಸಿಯುತ್ತದೋ ಎಂಬ ಹೆದರಿಕೆಯಲ್ಲಿ ಅವರು ವಿವರಿಸಿದ್ದನ್ನು ನಾನು ಅರ್ಧವೇ ಕೇಳಿಸಿಕೊಂಡೆ. ಮಳೆಗಾಲ ಚೆನ್ನಾಗಿದ್ದಾಗ ಕೆರೆ ತುಂಬಿ ಪಾಚಿ ಬೆಳೆಯುತ್ತದೆ. ಸತ್ತು ತಳ ಸೇರಿದ್ದು ಗಾಳಿ ಸಿಗದೆ, ಪೂರ್ತಿ ಕೊಳೆಯದೆ ಕಪ್ಪಾಗಿ ಉಳಿಯುತ್ತದೆ. ಬರ ಬಂದರೆ ಬಿಳಚು ಮಣ್ಣು ಕೂರುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಹವಾಮಾನ ಹೀಗೇ ಹೊರಳಾಡಿದಾಗ, ದೊಡ್ಡ ಸರೋವರಗಳ ತಳದಲ್ಲಿ ಕೂತ ಇಂಥದೇ ಕಪ್ಪು ಕೆಸರು ಆಳಕ್ಕೆ ಹೂತು, ಭೂಮಿಯ ಕಾವಿಗೆ ಬೆಂದು ಎಣ್ಣೆಯಾಯಿತಂತೆ.

"ಹಂಗಾರ ನಮ್ಮ ಕೆರ್ಯಾಗೂ ಪೆಟ್ರೋಲ್ ಸಿಗತೈತೇನ್ರಿ?" ಎಂದೆ, ಕೈಯಲ್ಲಿದ್ದ ಬೀಡಿ ಆರಿಸುತ್ತ.

"ಸಿಗತೈತಿ. ಒಂದೆರಡು ಕೋಟಿ ವರ್ಷ ತಡೀರಿ." ಆಮೇಲೆ ಮೆಲ್ಲಗೆ, "ಇದನ್ನ ನೋಡಾಕ ಮಗಳು ಐತವಾರ ಬರತಾಳ್ರಿ. ತಾನಾಗೇ ಬರ್ತೀನಿ ಅಂದಾಳ" ಎಂದರು.

ಭಾನುವಾರದ ತನಕ ಅದೊಂದು ಗೋಡೆ ತಮಗೆ ಬಿಡಿರೆಂದು ಊರ ಗೌಡರನ್ನು ಕೇಳಿಕೊಂಡರು. ನಮ್ಮ ಕಡೆ ಕೆರೆಯ ಹೂಳೆಂದರೆ ಹೊಲಕ್ಕೆ ಗೊಬ್ಬರ. ತೆಗೆಯುವಾಗ ಎಲ್ಲರೂ ತಮ್ಮ ಪಾಲು ಹೇಳಿ ಇಡಿಸಿಕೊಳ್ಳುತ್ತಾರೆ. ಮಾಸ್ತರರೂ ಪಾಲು ಕೇಳಿದರೆಂದೇ ಗೌಡರು ತಿಳಿದರು. ಶನಿವಾರ ಆ ಗೋಡೆಯನ್ನು ಕಡಿಸಿ, ಟ್ರ್ಯಾಕ್ಟರ್ ತುಂಬಿ, ಅವರ ಬಾಗಿಲಿಗೇ ಸುರಿಸಿದರು.

"ಗುರುಗಳ, ನಿಮಗ್ಯಾಕ ತ್ರಾಸು ಅಂತ ನಾವ ತಂದ್ವಿ. ಹಿತ್ತಲಕ್ಕ ಹಾಕ್ಕೋರಿ, ಬದನಿಕಾಯಿ ಹೆಂಗ ಬರ್ತಾವ ನೋಡ್ರಿ."

ರಾಶಿಯಲ್ಲಿ ಕಪ್ಪು, ಬಿಳಚು ಎಲ್ಲ ಕಲಸಿಹೋಗಿತ್ತು. ಮಾಸ್ತರರು ಗೌಡರಿಗೆ ಕೈಮುಗಿದರು. "ಭಾಳ ಉಪಕಾರ ಆತ್ರಿ. ಒಳಗ ಬರ್ರಿ, ಚಾ ಕುಡದು ಹೋಗ್ರಿ."

ಗೌಡರು ಹೋದ ಮೇಲೆ ಮಗಳಿಗೆ ಫೋನ್ ಮಾಡಿದರು. "ಗ್ವಾಡಿ ಕಡದಾರವ್ವಾ... ಇಲ್ಲ, ಏನೂ ಉಳದಿಲ್ಲ... ಹೌದು, ಪರೀಕ್ಷಾ ಅದಾವಲ್ಲ, ಓದ್ಕೋ."

ಫೋನ್ ಇಟ್ಟು, ಗೌಡರು ಕುಡಿದ ಚಾ ಬಟ್ಟಲು ತೊಳೆದಿಟ್ಟರು.

ಮುಂದೆ ವರ್ಗವಾಗಿ ಹೋದರು. ತೀರಿಕೊಂಡ ಸುದ್ದಿ ನಮಗೆ ತಡವಾಗಿ ತಲುಪಿತು.

ನಿನ್ನೆ ಒಬ್ಬನೇ ಕೆರೆಗಿಳಿದೆ. ಹೊಸದಾಗಿ ಕಡಿದ ಗೋಡೆಯಲ್ಲಿ ಪದರಗಳು ನಿಚ್ಚಳವಾಗಿದ್ದವು. ಜೆಸಿಬಿಯವನು ಹಾರ್ನ್ ಹಾಕಿದ.

"ಇದೊಂದೀಟು ತಡಿಯಪಾ," ಎಂದೆ.

"ಯಾಕ್ರಿ ಕಾಕಾ, ನೋಡಾಕ ಯಾರರ ಬರಾವ್ರು ಅದಾರೇನು?"

ಯಾರೂ ಇರಲಿಲ್ಲ. ಬಾಜೂ ಸರಿದು ನಿಂತೆ.