ಖರೇ ಬಂಗಾರದ ಕೆಂಪು ಹನಿ

2007ರಲ್ಲಿ ನಾನು ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಜಿಷಿಯನ್ ಆಗಿದ್ದೆ. ಅದಿರು ಲಾರಿಗಳು ಊರನ್ನೇ ಕೆಂಪು ಧೂಳಿನಲ್ಲಿ ಅದ್ದಿ ತೆಗೆಯುತ್ತಿದ್ದ ಕಾಲ. ಕೈತುಂಬ ಸಂಪಾದಿಸಿದವರು ಮನೆಯವರಿಗೆ ಮದ್ದು ತಂದರೂ ಎಲ್ಲಕ್ಕಿಂತ ತುಟ್ಟಿಯದನ್ನೇ ತರುತ್ತಿದ್ದರು.

ಕೌಲ್ ಬಜಾರಿನ ಖಾದರ್ ಅಂಥವನೊಬ್ಬ. ಲಾರಿ ಇಂಜಿನ್ ಬಿಚ್ಚಿ ಕಟ್ಟುವ ವರ್ಕ್‌ಶಾಪ್ ಅವನದು. ಒಂದು ದಿನ ಕುರುಗೋಡಿನಿಂದ ತಾಯಿ ಹುಸೇನಬಿಯನ್ನು ಕರೆತಂದ. ಬಹಳ ವರ್ಷಗಳ ಕೀಲುವಾತ ಆಕೆಗೆ. ಈಗ ಪಾದಗಳೂ ಬಾತಿದ್ದವು. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು.

"ಏನಾದರೂ ಔಷಧ ತಗೊಳ್ತಿದ್ದೀರೇನಮ್ಮ?" ಎಂದೆ.

"ಔಷಧ ಎಲ್ಲೀದವ್ವಾ! ನನ್ನ ಮಗ ನನಗ ಬಂಗಾರ ಕುಡಸ್ತಾನ" ಎಂದು ಹುಸೇನಬಿ ಪಕ್ಕದ ರೋಗಿಗಳಿಗೂ ಕೇಳಿಸುವಂತೆ ಹೇಳಿದಳು.

ಖಾದರ್ ಜೇಬಿನಿಂದ ಪುಟ್ಟ ಶೀಸೆಯೊಂದನ್ನು ತೆಗೆದ. ಮೇಲೆ 'ನ್ಯಾನೊ ಗೋಲ್ಡ್' ಎಂಬ ಚೀಟಿ, ಒಳಗೆ ಮಾಣಿಕ್ಯದಂಥ ಕೆಂಪು ದ್ರವ. ಸಿರುಗುಪ್ಪದಲ್ಲಿ ರೈಸ್‌ಮಿಲ್ಲಿನ ಗೆಳೆಯನ ಮನೆಗೆ ಬಂದಿದ್ದ ಏಜೆಂಟನಿಂದ ಕೊಂಡದ್ದಂತೆ. "ಇದು ಕುಡದ ಮ್ಯಾಲೆ ನೋವು ಇಳದೈತ್ರಿ. ಅವ್ವ ಮತ್ತ ರೊಟ್ಟಿ ಬಡಿಯಾಕ ಹತ್ಯಾಳ" ಎಂದ.

ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ನ್ಯಾನೊಮೀಟರ್. ಚಿನ್ನವನ್ನು ಆ ಲೆಕ್ಕದ ಕಣಗಳಾಗಿಸಿ ನೀರಿನಲ್ಲಿ ತೇಲಿಬಿಟ್ಟರೆ ಹಳದಿ ಹೋಗಿ ಕೆಂಪು ಬರುತ್ತದೆ. ಬಣ್ಣವಷ್ಟೇ ಅಲ್ಲ, ಗುಣವೂ ಬದಲಾಗುತ್ತದೆ. ಬಳೆಯಾಗಿದ್ದಾಗ ಮೈಮೇಲೆ ಸುಮ್ಮನಿರುವ ಚಿನ್ನ ಕಣವಾದಾಗ ರಕ್ತದಲ್ಲಿ ಓಡಾಡಬಹುದು, ಲಿವರ್‌ನಲ್ಲಿ ತಂಗಬಹುದು. ಕ್ಯಾನ್ಸರ್ ಚಿಕಿತ್ಸೆಗೆ ಇಂಥ ಕಣಗಳನ್ನು ಬಳಸುವ ಸಂಶೋಧನೆ ಆಗಲೇ ನಡೆದಿತ್ತು. ಅಲ್ಲಿ ಕಣದ ಗಾತ್ರ, ಮೇಲಿನ ಲೇಪ, ಡೋಸು ಎಲ್ಲಕ್ಕೂ ಲೆಕ್ಕವಿರುತ್ತದೆ. ಈ ಶೀಸೆಯ ಮೇಲೆ ತಯಾರಿಸಿದವರ ವಿಳಾಸವೂ ಇರಲಿಲ್ಲ.

ನಾನು ಓದುವ ಕಾಲಕ್ಕೆ ಕೀಲುವಾತಕ್ಕೆ ಚಿನ್ನದ ಲವಣದ ಇಂಜೆಕ್ಷನ್ ಕೊಡುವ ಪದ್ಧತಿ ಇನ್ನೂ ಉಳಿದಿತ್ತು. ಸೂಜಿ ಚುಚ್ಚುವ ಮೊದಲು ಪ್ರತಿ ಸಲವೂ ಮೂತ್ರ ಪರೀಕ್ಷೆ ಆಗಲೇಬೇಕು. ಮರೆತ ವಿದ್ಯಾರ್ಥಿಯನ್ನು ನಮ್ಮ ಪ್ರೊಫೆಸರು ವಾರ್ಡಿನಿಂದಲೇ ಅಟ್ಟುತ್ತಿದ್ದರು. ಕೆಲವರಲ್ಲಿ ಆ ಲವಣ ಕಿಡ್ನಿಯ ಜರಡಿಯನ್ನು ಕೆಡಿಸಿ, ಪ್ರೋಟೀನ್ ಮೂತ್ರದಲ್ಲಿ ಸೋರುವಂತೆ ಮಾಡುತ್ತದೆ. ಲವಣ ಬೇರೆ, ಈ ಕಣ ಬೇರೆ, ನಿಜ. ಆದರೂ ಅನುಮಾನ ಬಂತು. ಪರೀಕ್ಷೆ ಮಾಡಿಸಿದೆ. ಪ್ರೋಟೀನ್ ಧಾರಾಳವಾಗಿ ಹೋಗುತ್ತಿತ್ತು.

"ಇದನ್ನ ಇವತ್ತೇ ನಿಲ್ಲಿಸಿ" ಎಂದೆ.

ಖಾದರನ ಮುಖ ಕೆಂಪಾಯಿತು. "ಡೂಪ್ಲಿಕೇಟ್ ಅಂತೀರೇನ್ರಿ?"

ಅವನ ಹಟಕ್ಕೆ ನಮ್ಮ ಲ್ಯಾಬಿನಲ್ಲಿ ಒಂದಿಷ್ಟು ದ್ರವಕ್ಕೆ ಅಡುಗೆ ಉಪ್ಪು ಹಾಕಿದೆ. ಬರೀ ಬಣ್ಣದ ನೀರಾಗಿದ್ದರೆ ಕೆಂಪಾಗೇ ಉಳಿಯಬೇಕು. ಚಿನ್ನದ ಕಣಗಳಿದ್ದರೆ ಒಂದಕ್ಕೊಂದು ಅಂಟಿ ನೀಲಿಗೆ ತಿರುಗುವುದೇ ಹೆಚ್ಚು ಎಂದು ಅವನಿಗೂ ಹೇಳಿದೆ. ನೋಡನೋಡುತ್ತ ಅದು ನೇರಳೆಹಣ್ಣಿನ ಬಣ್ಣವಾಯಿತು.

"ಪಾಸಾತು! ಖರೇ ಬಂಗಾರ ಐತಿ! ಅವ್ವಾ, ನೋಡಿದೇನ?" ಎಂದು ಅವನು ಕುಣಿದೇಬಿಟ್ಟ.

"ಚಿನ್ನ ಖರೇ ಇರಬಹುದಪ್ಪ. ಅಮ್ಮನ ಮೈಗೆ ಒಗ್ಗುತ್ತೆ ಅಂತ ಅಲ್ಲ" ಎನ್ನುವಷ್ಟರಲ್ಲಿ ತಾಯಿ ಮಗ ಹೊರಟಾಗಿತ್ತು. ಅವರನ್ನು ಬಯ್ಯುವುದು ಹೇಗೆ? ಬ್ರೂಸ್‌ಪೇಟೆಯ ಅಂಗಡಿಗಳಲ್ಲಿ ಚಿನ್ನಕ್ಕೆ ಕೇಳುವುದು ಒಂದೇ ಪ್ರಶ್ನೆ, ಅಸಲಿಯೋ ನಕಲಿಯೋ. ಒರೆಗಲ್ಲಿನ ಮೇಲೆ ಗೆದ್ದ ಮೇಲೆ ಅದನ್ನು ಮತ್ತೇನೂ ಕೇಳುವ ರೂಢಿ ಇಲ್ಲ.

ಕೆಲವೇ ವಾರಗಳಲ್ಲಿ ಮತ್ತೆ ಬಂದರು. ಹುಸೇನಬಿಯ ಮುಖ ಬಾತು ಕಣ್ಣು ತೆರೆಯುವುದೇ ಕಷ್ಟವಾಗಿತ್ತು. ಪ್ರೋಟೀನ್ ಇನ್ನೂ ಏರಿತ್ತು. ಹೀಗೇ ಬಿಟ್ಟರೆ ಕಿಡ್ನಿಯೇ ಕೈಕೊಡಬಹುದಿತ್ತು.

"ನೀವ ಪಾಸ್ ಮಾಡಿದ್ರಲ್ರಿ, ಅದಕ್ಕ ಎರಡು ಹನಿ ಜಾಸ್ತಿ ಹಾಕಿದೆ" ಎಂದ ಖಾದರ್, ನೆಲ ನೋಡುತ್ತ.

ಕುರ್ಚಿ ಎಳೆದು ಕೂರಿಸಿ ಕೇಳಿದೆ: "ನಿನ್ನ ಲಾರಿಯ ಸ್ಪ್ರಿಂಗ್ ಪಟ್ಟಿ ಎಂಥ ಉಕ್ಕಪ್ಪ?"

"ಒರಿಜಿನಲ್ರಿ. ನಕಲಿ ಮಾಲು ನಾ ಮುಟ್ಟಂಗಿಲ್ಲ."

"ಅದನ್ನೇ ಅರದಿಂದ ಉಜ್ಜಿ, ಪುಡಿ ತಂದು ಇಂಜಿನ್ ಆಯಿಲಿಗೆ ಹಾಕಿದರೆ?"

"ಅಯ್ಯ, ಹಾಕ್ತಾರೇನ್ರಿ? ಫಿಲ್ಟರ್..." ಎಂದವನು ಅಲ್ಲಿಗೇ ನಿಂತ. ತಾಯಿಯ ಬಾತ ಮುಖವನ್ನೊಮ್ಮೆ ನೋಡಿದ. ಜೇಬಿನಿಂದ ಶೀಸೆ ತೆಗೆದು ನನ್ನ ಮೇಜಿನ ಮೇಲಿಟ್ಟ.

ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿಗೆ ಹುಸೇನಬಿ ಒಪ್ಪಲಿಲ್ಲ. ಹಾಗಾಗಿ ಚಿನ್ನವೇ ಕಾರಣ ಎಂದು ಆಣೆಯಿಟ್ಟು ಹೇಳಲಾರೆ. ಶೀಸೆಯಲ್ಲಿ ಬೇರೇನು ಬೆರೆತಿತ್ತೋ ಬಲ್ಲವರಿಲ್ಲ. ಹನಿ ನಿಲ್ಲಿಸಿದೆವು, ಊಟದಲ್ಲಿ ಉಪ್ಪು ಇಳಿಸಿದೆವು, ಊತಕ್ಕೂ ಕೀಲುನೋವಿಗೂ ತಕ್ಕ ಮಾತ್ರೆ ಕೊಟ್ಟೆವು. ನಡುವೆ ನೋವು ಮರುಕಳಿಸಿ ಆಕೆ ನನ್ನನ್ನು ಬಾಯಿತುಂಬ ಬೈದದ್ದೂ ಉಂಟು. ತಿಂಗಳುಗಳು ಕಳೆದಂತೆ ಪ್ರೋಟೀನ್ ಇಳಿಯುತ್ತ ಬಂದು, ಕೊನೆಗೆ ರಿಪೋರ್ಟ್ ಶುದ್ಧವಾಯಿತು.

ಅಂದು ಖಾದರ್ ನನ್ನೆದುರೇ ಅತ್ತುಬಿಟ್ಟ. "ನನ್ನ ಕೈಯಾರೆ ಅವ್ವಗ ವಿಷ ಹಾಕಿದ್ನಲ್ರಿ."

ಹುಸೇನಬಿ ಅವನ ಬೆನ್ನಿಗೊಂದು ಗುದ್ದಿದಳು. "ಬಾಯಿ ಮುಚ್ಚಲೇ! ವಿಷ ಅಂತ ವಿಷ. ಕುರುಗೋಡಾಗ ಯಾರ ಮಗ ಅವ್ವಗ ಬಂಗಾರ ಕುಡಿಸ್ಯಾನ, ಹೇಳು? ನನ್ನ ಮೈಗೆ ಒಗ್ಗಲಿಲ್ಲ. ನೀ ಒಗ್ಗೀದಿ, ಸಾಕು."

ಔಷಧ ನಿಲ್ಲಿಸಿ ಎನ್ನುವುದು ವೈದ್ಯರಿಗೆ ಒಂದು ಸಾಲಿನ ಮಾತು. ಅದನ್ನು ತಂದುಕೊಟ್ಟವರ ಅಕ್ಕರೆಗೂ ಆ ಸಾಲು ತಾಗುತ್ತದೆಂದು ನನಗೆ ತಿಳಿದದ್ದು ಅವತ್ತು. ಅಲ್ಲಿಂದ ಮುಂದೆ ಯಾರು ಎಂಥ ಶೀಸೆ ತಂದರೂ, ಒಳಗೆ ಏನಿದೆ ಎಂದು ಕೇಳುವ ಮೊದಲು ಯಾರು ತಂದುಕೊಟ್ಟರು ಎಂದು ಕೇಳುತ್ತ ಬಂದೆ.